ವರ್ಷಕ್ಕೊಬ್ಬರು ಮೇಯರ್

2015ರ ಆಗಸ್ಟ್‌ನಲ್ಲಿ ಬೃಹತ್ ಬೆಂಗಳೂರು ಮಹಾನಗರ ಪಾಲಿಕೆಗೆ ಚುನಾವಣೆ ನಡೆದಾಗ 198 ವಾರ್ಡುಗಳಲ್ಲಿ 100 ಬಿಜೆಪಿಯ ಪಾಲಾದವು. ಕಾಂಗ್ರೆಸ್ಸಿಗೆ 76, ಜೆಡಿಎಸ್‌ಗೆ 14, ಪಕ್ಷೇತರರು ಮತ್ತಿತರರಿಗೆ 8. ಪೇಪರಿನಲ್ಲಿ ಫಲಿತಾಂಶ ನೋಡಿದ ಸಾಮಾನ್ಯ ಮತದಾರ, ಮೇಯರ್ ಯಾವ ಪಕ್ಷದವರು ಎಂಬುದು ಇತ್ಯರ್ಥವಾಯಿತು ಎಂದೇ ತಿಳಿದಿರಬೇಕು. ಆದರೆ ಪಕ್ಷೇತರರು ಕೇರಳದ ರೆಸಾರ್ಟಿಗೆ ಹೋಗಿಬಂದ ಮೇಲೆ, ಸೆಪ್ಟೆಂಬರ್ 11ರಂದು ಪಾಲಿಕೆಯ ಕೆಂಪೇಗೌಡ ಪೌರಸಭಾಂಗಣದಲ್ಲಿ ಎತ್ತಿದ ಕೈಗಳನ್ನು ಎಣಿಸಿದಾಗ ಕಾಂಗ್ರೆಸ್ಸಿನ ಬಿ.ಎನ್. ಮಂಜುನಾಥ ರೆಡ್ಡಿಯವರಿಗೆ 131 ಮತ, ಬಿಜೆಪಿ ಅಭ್ಯರ್ಥಿಗೆ 128 ಬಂದವು. ನೂರು ಸ್ಥಾನ ಗೆದ್ದವರು ವಿರೋಧ ಪಕ್ಷದ ಸಾಲಿನಲ್ಲಿ ಕುಳಿತರು.

ಇದರಲ್ಲಿ ಕಾನೂನು ಮೀರಿದ್ದು ಏನೂ ಇಲ್ಲ. ಮೇಯರ್ ಚುನಾವಣೆಯಲ್ಲಿ ಪಾಲಿಕೆ ಸದಸ್ಯರ ಜೊತೆಗೆ ನಗರದ ಶಾಸಕರು, ಸಂಸದರು, ನಗರದ ಮತದಾರರ ಪಟ್ಟಿಯಲ್ಲಿ ಹೆಸರಿರುವ ರಾಜ್ಯಸಭೆ ಮತ್ತು ವಿಧಾನ ಪರಿಷತ್ ಸದಸ್ಯರೂ ಕೈ ಎತ್ತಬಹುದಿತ್ತು. ಆ ದಿನ 198 ಕಾರ್ಪೊರೇಟರುಗಳ ಜೊತೆ ಇಂಥ ಮತದಾರರು ಅರವತ್ತಕ್ಕೂ ಮೀರಿದ್ದರು. ಬೇರೆ ಜಿಲ್ಲೆಗಳ ಮೇಲ್ಮನೆ ಸದಸ್ಯರು ಬೆಂಗಳೂರಿನ ವಿಳಾಸ ತೋರಿಸಿ ಮತ ಹಾಕಿದ್ದರ ಬಗ್ಗೆ ಆಮೇಲೆ ದೊಡ್ಡ ತಕರಾರೇ ಎದ್ದಿತು. ಇಷ್ಟೆಲ್ಲ ಪಡಿಪಾಟಲು ಪಟ್ಟು ಗಳಿಸಿದ ಕುರ್ಚಿಯ ಆಯಸ್ಸು ಒಂದೇ ವರ್ಷ. ಬೆಂಗಳೂರಿನಲ್ಲಿ ಬಾಡಿಗೆ ಮನೆಯ ಕರಾರುಪತ್ರ ಹನ್ನೊಂದು ತಿಂಗಳದ್ದು. ಮೇಯರ್‌ಗಿರಿ ಅದಕ್ಕಿಂತ ಒಂದು ತಿಂಗಳು ಹೆಚ್ಚಿತ್ತು.

ಅಷ್ಟು ಚಿಕ್ಕ ಅವಧಿಯ ಹುದ್ದೆಗೆ ಶಾಸಕರು, ಸಂಸದರೆಲ್ಲ ಯಾಕೆ ಧಾವಿಸಿ ಬರುತ್ತಾರೆ? ಅಷ್ಟೆಲ್ಲ ಮಂದಿಗೆ ಬೇಕಾದ ಹುದ್ದೆಯ ಅವಧಿಯನ್ನು ಹೆಚ್ಚಿಸಲು ಏಳು ದಶಕ ಯಾರಿಗೂ ಮನಸ್ಸಾಗಲಿಲ್ಲವೇಕೆ? ಬೆಂಗಳೂರಿನ ಮೇಯರ್‌ಗಳ ಪಟ್ಟಿಯನ್ನು ಹಿಡಿದು ಕೂತರೆ ಈ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಕಡೆ ಸಿಗುತ್ತದೆ ಎಂಬುದು ನನ್ನ ಅನಿಸಿಕೆ.

ಬೆಂಗಳೂರಿಗೆ ಪುರಸಭೆ ಬಂದದ್ದು 1862ರಲ್ಲಿ, ಲೆವಿನ್ ಬೌರಿಂಗ್ ಮೈಸೂರಿನ ಕಮಿಷನರ್ ಆಗಿದ್ದ ಕಾಲದಲ್ಲಿ. 1850ರ ಕಾಯ್ದೆಯಡಿ ಒಂಬತ್ತು ಮಂದಿ ಪ್ರಮುಖರ ಸಮಿತಿ ಪೇಟೆಯ ಭಾಗಕ್ಕೆ. ಅದೇ ವರ್ಷ ದಂಡು ಪ್ರದೇಶಕ್ಕೆ ಬೇರೆಯೇ ಒಂದು ಮುನಿಸಿಪಲ್ ಮಂಡಳಿ. ಒಂದೇ ಊರಿಗೆ ಎರಡು ಪುರಸಭೆ, ನಡುವೆ ಕಬ್ಬನ್ ಪಾರ್ಕು. 1881ರಲ್ಲಿ ಆಡಳಿತ ಒಡೆಯರ ಕೈಗೆ ಮರಳಿದ ಮೇಲೂ ದಂಡು ಬ್ರಿಟಿಷರ ಬಳಿಯೇ ಉಳಿಯಿತು. 1898ರ ಪ್ಲೇಗ್ ಪೇಟೆಯನ್ನು ಅಲ್ಲಾಡಿಸಿತು. ಬಸವನಗುಡಿ, ಮಲ್ಲೇಶ್ವರದಂಥ ಬಡಾವಣೆಗಳು ತಲೆ ಎತ್ತಿದವು. ಚರಂಡಿ, ನೀರು, ನೈರ್ಮಲ್ಯ ಎಂಬುವು ಊರಿನ ರಾಜಕಾರಣದ ವಿಷಯವಾದವು.

ಈ ಪುರಸಭೆಗಳ ಚರಿತ್ರೆಯಲ್ಲಿ ಮೂರು ಇಸವಿಗಳನ್ನು ಒಟ್ಟಿಗೆ ಇಟ್ಟು ನೋಡಬೇಕು. 1913ರಲ್ಲಿ ಗೌರವ ಅಧ್ಯಕ್ಷರ ಹುದ್ದೆ ಬಂತು. ಏಳು ವರ್ಷಕ್ಕೆ, 1920ರಲ್ಲಿ, ಅದು ಚುನಾಯಿತ ಹುದ್ದೆಯಾಯಿತು. ಇನ್ನಾರು ವರ್ಷಕ್ಕೆ, 1926ರಲ್ಲಿ, ದಂಡು ಪ್ರದೇಶದ ಮಂಡಳಿಗೆ ನೇಮಕಗೊಂಡ ಮುನಿಸಿಪಲ್ ಕಮಿಷನರ್ ಬಂದು ಕಾರ್ಯಾಂಗದ ಅಧಿಕಾರವನ್ನು ಕೈಗೆ ತೆಗೆದುಕೊಂಡರು. ಜನರ ಪ್ರತಿನಿಧಿ ಅಧ್ಯಕ್ಷನಾದ ಬೆನ್ನಿಗೇ ಸಹಿ ಹಾಕುವ ಅಧಿಕಾರ ಇನ್ನೊಬ್ಬರ ಮೇಜಿಗೆ ಹೋಯಿತು. ಇದು ಮೈಸೂರು ಸಂಸ್ಥಾನದ ಕಿತಾಪತಿಯಲ್ಲ. ಬೊಂಬಾಯಿಯ 1888ರ ಮುನಿಸಿಪಲ್ ಕಾಯ್ದೆ ದೇಶಕ್ಕೆಲ್ಲ ಹಾಕಿಕೊಟ್ಟ ಮೇಲ್ಪಂಕ್ತಿ. ಸಭೆ ಚರ್ಚಿಸುತ್ತದೆ, ಸ್ಥಾಯಿ ಸಮಿತಿ ಒಪ್ಪಿಗೆ ಕೊಡುತ್ತದೆ, ಕಮಿಷನರ್ ಮಾಡುತ್ತಾರೆ. ಆಳುವವರು ಹೊರಗಿನವರಾಗಿದ್ದಾಗ ಈ ಏರ್ಪಾಡಿಗೆ ಅರ್ಥವಿತ್ತು: ನಗರದ ದುಡ್ಡು ನಗರದವರ ಕೈಗೆ ಪೂರ್ತಿ ಹೋಗಬಾರದು. ಸ್ವಾತಂತ್ರ್ಯ ಬಂದ ಮೇಲೂ ಅದು ಉಳಿದದ್ದಕ್ಕೆ ಮಾತ್ರ ಬೇರೆ ಕಾರಣ ಹುಡುಕಬೇಕು.

ಹಾಗೆಂದು ಹಳೆಯ ಅಧ್ಯಕ್ಷರೆಲ್ಲ ನೆರಳಿನಂತೆ ಬಂದು ಹೋದವರಲ್ಲ. ಪುರಸಭೆಯ ಅಧ್ಯಕ್ಷರಾಗಿದ್ದ ಸರ್ ಕೆ.ಪಿ. ಪುಟ್ಟಣ್ಣ ಚೆಟ್ಟಿಯವರ ಹೆಸರು 1935ರಲ್ಲಿ ಉದ್ಘಾಟನೆಯಾದ ಟೌನ್‌ಹಾಲ್‌ಗೆ ಅಂಟಿಕೊಂಡಿದೆ. ಧರಣಿ, ಮೆರವಣಿಗೆಗೆಂದು ಆ ಮೆಟ್ಟಿಲ ಮುಂದೆ ಸೇರುವವರಿಗೆ ಅವರು ಯಾರೆಂದು ತಿಳಿಯದಿರಬಹುದು, ಹೆಸರಂತೂ ಉಳಿದಿದೆ. ಅಲ್ಲಿಂದ ಕೂಗಳತೆಯಲ್ಲಿರುವ ಪಾಲಿಕೆ ಕಚೇರಿಯಲ್ಲಿ ಕುಳಿತು ಎದ್ದ ಮೇಯರ್‌ಗಳಲ್ಲಿ ಅಂಥ ಅದೃಷ್ಟ ಎಷ್ಟು ಮಂದಿಗಿದೆ?

1947ರ ಜುಲೈನಲ್ಲಿ ದಂಡು ಪ್ರದೇಶ ಮೈಸೂರಿಗೆ ಮರಳಿತು. 1949ರ ಡಿಸೆಂಬರ್ 8ರಂದು ಎರಡೂ ಪುರಸಭೆಗಳು ಕೂಡಿ ಬೆಂಗಳೂರು ನಗರ ಕಾರ್ಪೊರೇಷನ್ ಆಯಿತು. ಆರ್. ಸುಬ್ಬಣ್ಣ ಮೊದಲ ಮೇಯರ್. ಅಧ್ಯಕ್ಷ ಎಂಬ ಹಳೆಯ ಹುದ್ದೆ ಹೋಗಿ ಮೇಯರ್ ಎಂಬ ಹೊಸ ಗೌರವ ಬಂತು, ವರ್ಷದ ಅವಧಿಯೂ ಜೊತೆಗೆ ಬಂತು. ಅದರ ಮೂಲ ಇಂಗ್ಲೆಂಡ್. ಲಂಡನ್ನಿನ ಹಳೆಯ ಪೇಟೆಗೆ ಶತಮಾನಗಳಿಂದ ವರ್ಷಕ್ಕೊಬ್ಬ ಲಾರ್ಡ್ ಮೇಯರ್. ನಿಲುವಂಗಿ, ಕಂಠಹಾರ, ಮೆರವಣಿಗೆ, ಔತಣ. 1688ರಲ್ಲಿ ಮದರಾಸಿಗೆ ಮೇಯರ್ ಬಂದದ್ದೂ ಅದೇ ಮಾದರಿಯಲ್ಲಿ. ಬೆಂಗಳೂರಿನ ಮೇಯರ್ ತೊಡುವ ಕೆಂಪು ಗೌನಿಗೂ ಅದೇ ವಂಶ. ತಮಾಷೆಯೆಂದರೆ ಲಂಡನ್ ತನ್ನ ಉಡುಗೆ ತೊಡುಗೆಯ ಮೇಯರನ್ನು ಹಾಗೇ ಉಳಿಸಿಕೊಂಡು, ಕೆಲಸಕ್ಕೆಂದು 2000ದಲ್ಲಿ ಇನ್ನೊಬ್ಬ ಮೇಯರನ್ನು ಸೃಷ್ಟಿಸಿತು. ಅವರನ್ನು ಜನರೇ ನೇರವಾಗಿ ನಾಲ್ಕು ವರ್ಷಕ್ಕೆ ಆರಿಸುತ್ತಾರೆ. ಬಸ್ಸು, ರೈಲು ಅವರ ಉಸ್ತುವಾರಿಗೆ ಬರುತ್ತವೆ. ಗೌನು ತೊಟ್ಟವರು ಬೇರೆ, ಕಡತ ಹಿಡಿದವರು ಬೇರೆ ಎಂಬುದನ್ನು ಅಲ್ಲಿ ಮುಚ್ಚುಮರೆಯಿಲ್ಲದೆ ಒಪ್ಪಿಕೊಂಡಿದ್ದಾರೆ. ನಾವು ಗೌನು ತಂದುಕೊಂಡೆವು.

ಇನ್ನು ಪಟ್ಟಿಗೆ ಬರೋಣ. ಎಣಿಕೆ ಸರಳ. 1949ರಿಂದ 2006ರ ತನಕ, 57 ವರ್ಷಗಳಲ್ಲಿ, 43 ಮೇಯರ್‌ಗಳು. ಮುಮ್ತಾಜ್ ಬೇಗಂ ಆ ಸಾಲಿನ ಕೊನೆಯವರು. 2010ರಲ್ಲಿ ಬಿಬಿಎಂಪಿಯ ಮೊದಲ ಮೇಯರ್ ಆದ ಎಸ್.ಕೆ. ನಟರಾಜ್ 44ನೆಯವರು. ಅಲ್ಲಿಂದ ಪಿ. ಶಾರದಮ್ಮ, ಡಿ. ವೆಂಕಟೇಶಮೂರ್ತಿ, ಬಿ.ಎಸ್. ಸತ್ಯನಾರಾಯಣ, ಎನ್. ಶಾಂತಕುಮಾರಿ, ಎರಡನೇ ಸುತ್ತಿನಲ್ಲಿ ಮಂಜುನಾಥ ರೆಡ್ಡಿ, ಜಿ. ಪದ್ಮಾವತಿ, ಆರ್. ಸಂಪತ್‌ರಾಜ್, ಗಂಗಾಂಬಿಕೆ ಮಲ್ಲಿಕಾರ್ಜುನ್, ಎಂ. ಗೌತಮ್ ಕುಮಾರ್. ಗೌತಮ್ ಕುಮಾರ್ 53ನೆಯವರು. 2020ರ ಸೆಪ್ಟೆಂಬರ್ 10ಕ್ಕೆ ಅವರು ಕುರ್ಚಿ ಬಿಟ್ಟರು. ಅವರಿಂದ ಅಧಿಕಾರ ವಹಿಸಿಕೊಳ್ಳಲು ಇನ್ನೊಬ್ಬ ಮೇಯರ್ ಇರಲಿಲ್ಲ.

ವರ್ಷಕ್ಕೊಬ್ಬರಂತೆ ಹಿಡಿದರೆ 2006ರ ಹೊತ್ತಿಗೆ 57 ಹೆಸರಿರಬೇಕಿತ್ತು. ಕೊರತೆ ಬಿದ್ದ ವರ್ಷಗಳಲ್ಲಿ ಬಹುಪಾಲು ಆಡಳಿತಾಧಿಕಾರಿಗಳವು. ಅದರ ಮಾತು ಮುಂದೆ ಬರುತ್ತದೆ. ಮೊದಲು ಈ ಪಟ್ಟಿಯ ಒಳ್ಳೆಯ ಮುಖ ಹೇಳಬೇಕು, ಯಾಕೆಂದರೆ ಒಂದು ವರ್ಷದ ಅವಧಿಯನ್ನು ಹೀಯಾಳಿಸುವವರು ಅದನ್ನು ಹೇಳುವುದೇ ಇಲ್ಲ.

ರಾಜ್ಯದಲ್ಲಿ ಇವತ್ತಿನವರೆಗೆ ಒಬ್ಬ ಮಹಿಳೆಯೂ ಮುಖ್ಯಮಂತ್ರಿಯಾಗಿಲ್ಲ. ಬೆಂಗಳೂರು 1959ರಲ್ಲೇ ಇಂದಿರಾ ಬಾಯಿಯವರನ್ನು ಮೇಯರ್ ಮಾಡಿತ್ತು. ಸಂವಿಧಾನದ 74ನೇ ತಿದ್ದುಪಡಿ 1993ರಲ್ಲಿ ಜಾರಿಗೆ ಬಂದು ಮೇಯರ್ ಹುದ್ದೆಗೂ ಮೀಸಲಾತಿ ಸರದಿ ನಿಗದಿಯಾದ ಮೇಲೆ ಈ ಬಾಗಿಲು ಇನ್ನಷ್ಟು ತೆರೆಯಿತು. 2010ರಿಂದ 2020ರ ತನಕದ ಹತ್ತು ಮೇಯರ್‌ಗಳಲ್ಲಿ ನಾಲ್ವರು ಮಹಿಳೆಯರು. ಅವರಲ್ಲಿ ಯಾರೂ ರಾಜಮನೆತನದಿಂದ ಬಂದವರಲ್ಲ. ಮೂಡಲಪಾಳ್ಯ, ಪ್ರಕಾಶನಗರದಂಥ ವಾರ್ಡುಗಳಿಂದ ಬಂದವರು. ವರ್ಷಕ್ಕೊಮ್ಮೆ ಕುರ್ಚಿ ತಿರುಗಿದ್ದರಿಂದಲೇ ಐದು ವರ್ಷದ ಒಂದು ಅವಧಿಯಲ್ಲಿ ಸಾಮಾನ್ಯ ವರ್ಗ, ಪರಿಶಿಷ್ಟರು, ಹಿಂದುಳಿದವರು, ಮಹಿಳೆಯರು ಎಂದು ಎಲ್ಲರ ಸರದಿಗೂ ಜಾಗ ಸಿಕ್ಕಿತು. ಐದು ವರ್ಷಕ್ಕೊಬ್ಬರು ಎಂದಾಗಿದ್ದರೆ ಆ ಕುರ್ಚಿ ಯಾರ ಮನೆ ಸೇರುತ್ತಿತ್ತು ಎಂದು ಊಹಿಸಲು ಜ್ಯೋತಿಷ್ಯ ಬೇಕಿಲ್ಲ.

ಆದರೆ ಅದೇ ಸರದಿಯ ಇನ್ನೊಂದು ಉಪಯೋಗವೂ ಇದೆ, ಅದು ಪಕ್ಷಗಳಿಗೆ ಚೆನ್ನಾಗಿ ಗೊತ್ತು. ಐದು ಮೇಯರ್, ಐದು ಉಪಮೇಯರ್, ವರ್ಷವರ್ಷವೂ ಹೊಸದಾಗಿ ರಚನೆಯಾಗುವ ಹನ್ನೆರಡು ಸ್ಥಾಯಿ ಸಮಿತಿಗಳ ಅಧ್ಯಕ್ಷಗಿರಿ. ಒಬ್ಬರಿಗೆ ಕೊಟ್ಟು ಐವರ ಮುನಿಸು ಕಟ್ಟಿಕೊಳ್ಳುವ ಬದಲು ಎಲ್ಲರಿಗೂ ಒಂದೊಂದು ವರ್ಷ. ಭಿನ್ನಮತೀಯರಿಗೆ ‘ಮುಂದಿನ ಸಲ ನಿಮ್ಮದೇ’ ಎಂಬ ಭರವಸೆ. ಕುರ್ಚಿ ಹೀಗೆ ಹಂಚಿಕೆಯ ವಸ್ತುವಾದ ಮೇಲೆ ಅದರಲ್ಲಿ ಕುಳಿತವರು ಬಲಗೊಳ್ಳಬಾರದು ಎಂಬುದು ತಾನಾಗಿಯೇ ನಿಯಮವಾಯಿತು.

ಕುಳಿತವರ ದಿನಚರಿ ಹೇಗಿರುತ್ತಿತ್ತು? ಪಾಲಿಕೆಯ ಕಾಗದಪತ್ರದಲ್ಲಿ ಅವರು ‘ಪೂಜ್ಯ ಮಹಾಪೌರರು’. ಬೆಳಗ್ಗೆಯಿಂದ ಕೊಠಡಿಯ ಹೊರಗೆ ಜನ: ಆಸ್ಪತ್ರೆಯ ಅಂದಾಜು ಪಟ್ಟಿ ಹಿಡಿದು ಮೇಯರ್ ನಿಧಿಯಿಂದ ವೈದ್ಯಕೀಯ ನೆರವು ಕೇಳಲು ಬಂದವರು, ಪೌರಕಾರ್ಮಿಕರ ಸಂಘದವರು, ಬಾಕಿ ಬಿಲ್ಲಿನ ಗುತ್ತಿಗೆದಾರರು, ಹಾರ ಹಿಡಿದ ವಾರ್ಡಿನ ಹುಡುಗರು. ವೈದ್ಯಕೀಯ ನೆರವಿನ ಆ ಸಣ್ಣ ನಿಧಿ ಮೇಯರ್ ತಮ್ಮ ವಿವೇಚನೆಯಿಂದ ಯಾರಿಗಾದರೂ ನೇರವಾಗಿ ಸಹಾಯ ಮಾಡಬಹುದಾದ ಕೆಲವೇ ದಾರಿಗಳಲ್ಲಿ ಒಂದು. ತಿಂಗಳಿಗೊಮ್ಮೆ ಕೌನ್ಸಿಲ್ ಸಭೆ. ಅಲ್ಲಿ ಗಂಟೆ ಬಾರಿಸಿ ಸುಮ್ಮನಿರಿಸುವ ಕೆಲಸ. ಮಧ್ಯೆ ದಿಢೀರ್ ತಪಾಸಣೆ: ಕ್ಯಾಮೆರಾದವರ ಜೊತೆ ರಸ್ತೆ ಗುಂಡಿ ನೋಡುವುದು, ಎಂಜಿನಿಯರನ್ನು ಗದರುವುದು. ಗದರಿಸಿಕೊಂಡ ಎಂಜಿನಿಯರಿನ ವರ್ಗಾವಣೆ ಮಾತ್ರ ಮೇಯರ್ ಕೈಯಲ್ಲಿಲ್ಲ ಎಂಬುದು ಇಬ್ಬರಿಗೂ ಗೊತ್ತು.

ಪಾಲಿಕೆಯ ಪಡಸಾಲೆಯಲ್ಲಿ ಎಲ್ಲರೂ ಕೆಎಂಸಿ ಕಾಯ್ದೆ ಎನ್ನುತ್ತಿದ್ದ 1976ರ ಕರ್ನಾಟಕ ಮುನಿಸಿಪಲ್ ಕಾರ್ಪೊರೇಷನ್ ಕಾನೂನಿನ ಪ್ರಕಾರ ಕಾರ್ಯಾಂಗದ ಅಧಿಕಾರ ಆಯುಕ್ತರದಾಗಿತ್ತು. ಕಾಮಗಾರಿಗೆ ಜಾಬ್ ಕೋಡ್ ಎಂಬ ಗುರುತಿನ ಸಂಖ್ಯೆ ಕೊಡುವುದು, ಟೆಂಡರ್ ಕರೆಯುವುದು, ವರ್ಕ್ ಆರ್ಡರ್, ಬಿಲ್ಲು ಎಲ್ಲ ಆ ಕಡೆಯದು. ಆಯುಕ್ತರನ್ನು ನೇಮಿಸುವುದು, ಎತ್ತಂಗಡಿ ಮಾಡುವುದು ರಾಜ್ಯ ಸರ್ಕಾರ. ಬಜೆಟ್ಟನ್ನಾದರೂ ಮೇಯರ್ ಮಂಡಿಸುತ್ತಿದ್ದರೇ ಎಂದರೆ ಅದೂ ಇಲ್ಲ; ಅದು ತೆರಿಗೆ ಮತ್ತು ಆರ್ಥಿಕ ಸ್ಥಾಯಿ ಸಮಿತಿಯ ಅಧ್ಯಕ್ಷರ ಕೆಲಸ.

ಇದಕ್ಕಿಂತ ಸೂಕ್ಷ್ಮವಾದ ತೊಡಕು ಕ್ಯಾಲೆಂಡರಿನದು. 2015ರಿಂದ 2020ರ ಸಾಲಿನ ಮೇಯರ್‌ಗಳನ್ನೇ ನೋಡಿ. ಅವರು ಅಧಿಕಾರಕ್ಕೆ ಬರುತ್ತಿದ್ದುದು ಸೆಪ್ಟೆಂಬರಿನ ಆಸುಪಾಸಿನಲ್ಲಿ. ಆಗ ಜಾರಿಯಲ್ಲಿರುವುದು ಹಿಂದಿನವರ ಕಾಲದ ಬಜೆಟ್. ಮೊದಲ ತಿಂಗಳು ಸನ್ಮಾನಗಳಲ್ಲಿ, ಎರಡನೆಯದು ಸ್ಥಾಯಿ ಸಮಿತಿ ಹಂಚಿಕೆಯ ಜಗಳದಲ್ಲಿ ಕಳೆಯುತ್ತದೆ. ಚಳಿಗಾಲ ಮುಗಿಯುವಾಗ ಹೊಸ ಬಜೆಟ್ಟಿನ ಕೆಲಸ ಶುರು. ಏಪ್ರಿಲ್‌ನಿಂದ ಹೊಸ ಆರ್ಥಿಕ ವರ್ಷ. ಆದರೆ ಸರ್ಕಾರದ ಒಪ್ಪಿಗೆ, ಕ್ರಿಯಾಯೋಜನೆ, ಟೆಂಡರ್ ಎಂದು ಮಳೆಗಾಲ ಬಂದುಬಿಡುತ್ತದೆ. ಕಾಮಗಾರಿ ನೆಲಕ್ಕಿಳಿಯುವ ಹೊತ್ತಿಗೆ ಮತ್ತೆ ಸೆಪ್ಟೆಂಬರ್. ತನ್ನ ಅವಧಿಯಲ್ಲಿ ಯೋಚಿಸಿದ್ದನ್ನು ತನ್ನ ಅವಧಿಯಲ್ಲೇ ಮುಗಿಸಿದ ಮೇಯರ್ ಈ ವೇಳಾಪಟ್ಟಿಯಲ್ಲಿ ಹುಟ್ಟಲು ಸಾಧ್ಯವೇ ಇಲ್ಲ. ಪ್ರಾಮಾಣಿಕತೆ, ಚುರುಕುತನ ಎಲ್ಲವೂ ಇದ್ದರೂ ಅಷ್ಟೆ.

ಇಷ್ಟರ ನಡುವೆಯೂ ಒಬ್ಬೊಬ್ಬರು ತಮ್ಮ ಗುರುತು ಬಿಟ್ಟು ಹೋಗಿದ್ದಾರೆ. 2019ರಲ್ಲಿ ಪ್ಲಾಸ್ಟಿಕ್ ನಿಷೇಧದ ಬಿಗಿ ಕ್ರಮ ನಡೆಯುತ್ತಿದ್ದಾಗ ಮೇಯರ್ ಗಂಗಾಂಬಿಕೆ ಮಲ್ಲಿಕಾರ್ಜುನ್ ಹೊಸ ಮುಖ್ಯಮಂತ್ರಿ ಯಡಿಯೂರಪ್ಪನವರನ್ನು ಅಭಿನಂದಿಸಲು ಒಣಹಣ್ಣಿನ ಬುಟ್ಟಿ ಒಯ್ದರು. ಬುಟ್ಟಿಗೆ ಸುತ್ತಿದ್ದುದು ಪ್ಲಾಸ್ಟಿಕ್ ಹಾಳೆ. ಫೋಟೊ ಹರಿದಾಡಿತು. ಮೇಯರ್ 500 ರೂಪಾಯಿ ದಂಡ ಕಟ್ಟಿ ರಸೀದಿ ಪಡೆದರು. ನಕ್ಕವರು ನಕ್ಕರು. ನನಗೆ ಆ ಘಟನೆ ಅವರ ಬಗ್ಗೆ ಗೌರವ ಹೆಚ್ಚಿಸಿತು. ಪಾಲಿಕೆಯ ನಿಯಮ ಪಾಲಿಕೆಯ ಮುಖ್ಯಸ್ಥರಿಗೂ ಅನ್ವಯಿಸಿದ ದಾಖಲೆ ಬೇರೆಲ್ಲಿ ಹುಡುಕೋಣ?

ಆದರೆ ಊರು ನಿಜವಾಗಿ ಕಂಗೆಟ್ಟಾಗ ಮೇಯರ್ ಎಲ್ಲಿರುತ್ತಾರೆ ಎಂಬುದನ್ನು 2012 ತೋರಿಸಿತು. ಮಾವಳ್ಳಿಪುರದ ಕಸದ ಗುಡ್ಡೆ ಮುಚ್ಚಿತು. ಕಸ ಸುರಿಯುತ್ತಿದ್ದ ಇನ್ನೊಂದು ಊರಾದ ಮಂಡೂರಿನವರೂ ಲಾರಿ ತಡೆದರು. ಬೀದಿ ಮೂಲೆಗಳಲ್ಲಿ ಕಸ ಎದೆಯೆತ್ತರ ಬೆಳೆಯಿತು. ವೆಂಕಟೇಶಮೂರ್ತಿಯವರು ಆಗ ಮೇಯರ್. ಸರ್ಕಾರ ಸೆಪ್ಟೆಂಬರಿನಲ್ಲಿ ಆಯುಕ್ತ ಶಂಕರಲಿಂಗೇಗೌಡರನ್ನು ಬದಲಿಸಿ ರಜನೀಶ್ ಗೋಯಲ್ ಅವರನ್ನು ತಂದಿತು. ಹೈಕೋರ್ಟು ಹಸಿ ಕಸ, ಒಣ ಕಸ ಬೇರ್ಪಡಿಸಿ ಎಂದು ಆದೇಶಿಸಿತು. ಮುಖ್ಯಮಂತ್ರಿ ಸಭೆ ಮೇಲೆ ಸಭೆ ನಡೆಸಿದರು. ಮೇಯರ್ ಹೇಳಿಕೆ ಕೊಟ್ಟರು. ಮಂಡೂರಿಗೆ ಕಸ ಹೋಗುವುದು ನಿಂತದ್ದು 2014ರ ನವೆಂಬರ್ ಕೊನೆಗೆ. ಅಷ್ಟರಲ್ಲಿ ಸತ್ಯನಾರಾಯಣ ಬಂದು ಹೋಗಿ ಶಾಂತಕುಮಾರಿಯವರು ಕುರ್ಚಿಯಲ್ಲಿದ್ದರು. ಒಂದೇ ಬಿಕ್ಕಟ್ಟಿಗೆ ಮೂವರು ಮೇಯರ್. ಅವರಲ್ಲಿ ಯಾರನ್ನು ಜವಾಬ್ದಾರರೆಂದು ಹಿಡಿಯುವುದು? ಕೇಳಿದರೆ ಮೂವರೂ ‘ನನ್ನ ಕಾಲದ್ದಲ್ಲ’ ಎನ್ನಬಹುದು, ಮೂವರು ಹೇಳುವುದೂ ಅರ್ಧ ಸತ್ಯ.

ಕಸವಾದರೂ ಪಾಲಿಕೆಯದು. ಊರಿನ ಉಳಿದ ಸಂಗತಿಗಳು ಒಂದೊಂದಾಗಿ ಅದರ ಅಂಗಳ ದಾಟಿಹೋಗಿದ್ದವು. ಬಡಾವಣೆ ರಚನೆ 1945ರ ನಗರಾಭಿವೃದ್ಧಿ ಟ್ರಸ್ಟ್ ಮಂಡಳಿಯ ಕೈಯಲ್ಲಿತ್ತು, 1976ರಲ್ಲಿ ಅದು ಬಿಡಿಎ ಆಯಿತು. ನೀರು, ಒಳಚರಂಡಿ 1964ರಲ್ಲಿ ಜಲಮಂಡಳಿಗೆ ಹೋಯಿತು. ಬಸ್ಸಿಗೆ ಬಿಎಂಟಿಸಿ, ವಿದ್ಯುತ್ತಿಗೆ ಬೆಸ್ಕಾಂ, ಮೆಟ್ರೊಗೆ ಬಿಎಂಆರ್‌ಸಿಎಲ್. ಇವುಗಳಲ್ಲಿ ಯಾವುದೂ ಮೇಯರ್‌ಗೆ ಉತ್ತರ ಕೊಡಬೇಕಿಲ್ಲ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದ ಕಡೆಗೆ ಉಕ್ಕಿನ ಸೇತುವೆ ಕಟ್ಟುವ ಯೋಜನೆ ಬಂದು, ಜನ ಕೈಕೈ ಹಿಡಿದು ಬೀದಿಯಲ್ಲಿ ನಿಂತು, 2017ರ ಮಾರ್ಚ್‌ನಲ್ಲಿ ಅದು ರದ್ದಾಯಿತು. ಯೋಜನೆ ಬಿಡಿಎಯದು, ಹಟ ಸರ್ಕಾರದ್ದು, ರದ್ದತಿಯೂ ಸರ್ಕಾರದ್ದೇ. ನಗರದ ಪ್ರಥಮ ಪ್ರಜೆಯ ಅಭಿಪ್ರಾಯ ಇಡೀ ಪ್ರಕರಣದಲ್ಲಿ ಯಾರಿಗೂ ಬೇಕಾಗಲಿಲ್ಲ.

ಅದಕ್ಕೂ ಮೊದಲು, 1999ರಲ್ಲಿ ಎಸ್.ಎಂ. ಕೃಷ್ಣ ಮುಖ್ಯಮಂತ್ರಿಯಾದಾಗ ನಂದನ್ ನಿಲೇಕಣಿ ನೇತೃತ್ವದ ಬೆಂಗಳೂರು ಅಜೆಂಡಾ ಟಾಸ್ಕ್‌ಫೋರ್ಸ್ ಬಂತು. ಆಸ್ತಿ ತೆರಿಗೆಯ ಸ್ವಯಂ ಘೋಷಣೆ ಪದ್ಧತಿ, ಲೆಕ್ಕಪತ್ರದ ಸುಧಾರಣೆ ಅದರ ಕಾಲದಲ್ಲಿ ಆದವು, ಒಳ್ಳೆಯ ಕೆಲಸಗಳೇ. ಆ ಸುಧಾರಣೆಯ ಯಶಸ್ಸಿನಲ್ಲಿ ಆಯುಕ್ತರ ಹೆಸರು ಬರುತ್ತದೆ, ಉದ್ಯಮಿಗಳ ಹೆಸರು ಬರುತ್ತದೆ. ಅದೇ ವರ್ಷಗಳಲ್ಲಿ ಒಬ್ಬರಾದ ಮೇಲೊಬ್ಬರು ಬಂದ ಮೇಯರ್‌ಗಳ ಹೆಸರು ಬರುವುದಿಲ್ಲ. ಮುಖ್ಯಮಂತ್ರಿಗೂ ಹಳ್ಳಿಹಳ್ಳಿಯ ರಾಜಕಾರಣದಿಂದ ಬಂದ ಮಂತ್ರಿಗಳಿಗೂ ಬೆಂಗಳೂರು ಆದಾಯದ ಊರು, ಭೂಮಿಯ ಬೆಲೆಯ ಊರು. ಬೆಂಗಳೂರು ಅಭಿವೃದ್ಧಿ ಖಾತೆಯನ್ನು ಯಡಿಯೂರಪ್ಪ, ಬೊಮ್ಮಾಯಿ ತಾವೇ ಇಟ್ಟುಕೊಂಡಿದ್ದರು. ಬೇರೆ ಸರ್ಕಾರಗಳಲ್ಲಿ ಕೆ.ಜೆ. ಜಾರ್ಜ್, ಪರಮೇಶ್ವರ, ಡಿ.ಕೆ. ಶಿವಕುಮಾರ್ ಅವರಂಥ ಘಟಾನುಘಟಿಗಳ ಪಾಲಿಗೆ ಬಂತು. ಇಂಥ ಖಾತೆ ಇರುವಲ್ಲಿ ಐದು ವರ್ಷ ಗಟ್ಟಿಯಾಗಿ ಕೂರುವ ಮೇಯರ್ ಇದ್ದರೆ ನಗರದ ಶಾಸಕರಿಗೂ ಇರುಸುಮುರುಸು, ಮಂತ್ರಿಗೂ ಇರುಸುಮುರುಸು. ಮೇಯರ್ ಚುನಾವಣೆಗೆ ಶಾಸಕರು ಧಾವಿಸಿ ಬರುವುದು ಕುರ್ಚಿಗೆ ಬಲ ತುಂಬಲಿಕ್ಕಲ್ಲ, ಅದು ತಮ್ಮ ಕೈತಪ್ಪದಂತೆ ನೋಡಿಕೊಳ್ಳಲಿಕ್ಕೆ.

ಕುರ್ಚಿ ಖಾಲಿಯಿದ್ದ ಕಾಲಕ್ಕೆ ಬರುತ್ತೇನೆ. ಮೇಯರ್‌ಗಳ ಚರಿತ್ರೆ ಬರೆಯುವವರು ಈ ಭಾಗವನ್ನು ಒಂದು ಸಾಲಿನಲ್ಲಿ ಮುಗಿಸುತ್ತಾರೆ. ನನಗನಿಸುವಂತೆ ಚರಿತ್ರೆಯ ಅರ್ಧ ಅಲ್ಲೇ ಇದೆ. 2006ರ ಅಕ್ಟೋಬರಿನಲ್ಲಿ ಸುಪ್ರೀಂ ಕೋರ್ಟು ಕಿಶನ್‌ಸಿಂಗ್ ತೋಮರ್ ಪ್ರಕರಣದಲ್ಲಿ, ಪಾಲಿಕೆಯ ಐದು ವರ್ಷದ ಅವಧಿ ಮುಗಿಯುವ ಮೊದಲೇ ಚುನಾವಣೆ ಆಗಬೇಕು ಎಂದು ಸ್ಪಷ್ಟವಾಗಿ ಹೇಳಿತು. ಮರು ತಿಂಗಳು ಬೆಂಗಳೂರು ಮಹಾನಗರ ಪಾಲಿಕೆಯ ಅವಧಿ ಮುಗಿಯಿತು. ಚುನಾವಣೆ ನಡೆದದ್ದು 2010ರ ಮಾರ್ಚ್ 28ರಂದು. ಮಧ್ಯೆ 2007ರಲ್ಲಿ 100 ವಾರ್ಡಿನ ಹಳೆಯ ಪಾಲಿಕೆಗೆ ಯಲಹಂಕ, ಕೃಷ್ಣರಾಜಪುರ, ಮಹದೇವಪುರ, ಬೊಮ್ಮನಹಳ್ಳಿ, ದಾಸರಹಳ್ಳಿ, ಬ್ಯಾಟರಾಯನಪುರ, ರಾಜರಾಜೇಶ್ವರಿನಗರ ಎಂಬ ಏಳು ನಗರಸಭೆಗಳನ್ನೂ ಕೆಂಗೇರಿ ಪುರಸಭೆಯನ್ನೂ 110 ಹಳ್ಳಿಗಳನ್ನೂ ಸೇರಿಸಿ ಬಿಬಿಎಂಪಿ ಮಾಡಿದರು. ಊರಿನ ವಿಸ್ತೀರ್ಣ ಮೂರು ಪಟ್ಟಾದ ಈ ತೀರ್ಮಾನವನ್ನು ಚರ್ಚಿಸಲು ಚುನಾಯಿತ ಸಭೆಯೇ ಇರಲಿಲ್ಲ.

2015ರಲ್ಲಿ ಮತ್ತೆ ಐದು ತಿಂಗಳು ಆಡಳಿತಾಧಿಕಾರಿ. 2020ರಲ್ಲಿ ಅವಧಿ ಮುಗಿದಾಗ ವಾರ್ಡು ಎಷ್ಟು ಎಂಬ ಪ್ರಶ್ನೆ ಎದ್ದಿತು. 198 ಸಾಲದು, 243 ಬೇಕು ಎಂದರು. ಇರುವ ವಾರ್ಡಿಗೇ ಆರು ವಾರದಲ್ಲಿ ಚುನಾವಣೆ ಪ್ರಕ್ರಿಯೆ ಶುರುಮಾಡಿ ಎಂಬ ಅರ್ಥದಲ್ಲಿ ಹೈಕೋರ್ಟು ಡಿಸೆಂಬರಿನಲ್ಲಿ ಆದೇಶಿಸಿತು. ಎರಡು ವಾರದಲ್ಲಿ ಸುಪ್ರೀಂ ಕೋರ್ಟಿನ ತಡೆ ಬಂತು. ಸರ್ಕಾರ ಬದಲಾಯಿತು, 243 ಹೋಗಿ 225 ಆಯಿತು. ಬಿಜೆಪಿ ಇದ್ದಾಗ ಕಾಂಗ್ರೆಸ್ ಚುನಾವಣೆ ಕೇಳಿತು, ಕಾಂಗ್ರೆಸ್ ಬಂದಾಗ ಬಿಜೆಪಿ ಕೇಳಿತು. ಈ ಒಂದು ವಿಷಯದಲ್ಲಿ ಪಕ್ಷಗಳ ನಡುವೆ ಎಂಥ ಸೌಹಾರ್ದ! 2006ರ ಕೊನೆಯಿಂದ 2025ರ ಸೆಪ್ಟೆಂಬರಿನವರೆಗೆ ಲೆಕ್ಕ ಹಾಕಿದರೆ ಹತ್ತೊಂಬತ್ತು ವರ್ಷಗಳಲ್ಲಿ ಹೆಚ್ಚೂ ಕಡಿಮೆ ಒಂಬತ್ತು ವರ್ಷ ಬೆಂಗಳೂರಿಗೆ ಮೇಯರ್ ಇರಲಿಲ್ಲ.

‘ಇಲ್ಲದಿದ್ದರೆ ಏನು ನಷ್ಟವಾಯಿತು? ಐಎಎಸ್‌ನವರೇ ವಾಸಿ’ ಎನ್ನುವವರು ಮಧ್ಯಮ ವರ್ಗದ ಬಡಾವಣೆಗಳಲ್ಲಿ ಬಹಳ ಮಂದಿ ಸಿಗುತ್ತಾರೆ. ಅವರ ಬಳಿ ಉದಾಹರಣೆಯೂ ಇದೆ. 70ರ ದಶಕದಲ್ಲಿ ಪಾಲಿಕೆಯ ಆಡಳಿತ ನೋಡಿಕೊಂಡ ಎನ್. ಲಕ್ಷ್ಮಣರಾವ್ ಮರ, ಪಾರ್ಕುಗಳ ಮೂಲಕ ಹೆಸರಾದರು. ಜಯನಗರದಲ್ಲಿ ಅವರ ಹೆಸರಿನ ಉದ್ಯಾನದಲ್ಲಿ ಇವತ್ತಿಗೂ ಜನ ಬೆಳಗಿನ ವಾಕಿಂಗ್ ಮಾಡುತ್ತಾರೆ. ಒಪ್ಪುವ ಮಾತೇ. ಆದರೆ ಒಳ್ಳೆಯ ಅಧಿಕಾರಿಗೆ ಸಿಕ್ಕ ಕಾಲಾವಕಾಶ, ಕಡತ, ಸಿಬ್ಬಂದಿ ಯಾವ ಮೇಯರ್‌ಗೂ ಸಿಕ್ಕಿಲ್ಲ. ಕೈ ಕಟ್ಟಿದವರನ್ನು ಕೈ ಬಿಚ್ಚಿದವರ ಜೊತೆ ಹೋಲಿಸಿ ಯಾರು ವಾಸಿ ಎನ್ನುವುದು ನ್ಯಾಯವಲ್ಲ. ಇನ್ನೊಂದು: ಪಾರ್ಕು ಇರುವ ಬಡಾವಣೆಯವರಿಗೆ ಆಯುಕ್ತರ ಮೊಬೈಲ್ ನಂಬರ್ ಸಿಗುತ್ತದೆ. ನೀರಿನ ಟ್ಯಾಂಕರಿಗೆ ಕೊಡ ಹಿಡಿದು ಕಾಯುವ ಕೊಳೆಗೇರಿಯವರಿಗೆ ಇದ್ದ ಒಂದು ಬಾಗಿಲು ಕಾರ್ಪೊರೇಟರ್ ಮನೆಯದು. ಚುನಾವಣೆ ನಿಂತಾಗ ಮುಚ್ಚಿದ್ದು ಆ ಬಾಗಿಲು.

ಒಂದೇ ವರ್ಷದಲ್ಲಿ ಏನೂ ಆಗದು ಎಂದೂ ಹೇಳುವಂತಿಲ್ಲ. ಎಸ್. ಸತ್ಯಮೂರ್ತಿ ಮದರಾಸಿನ ಮೇಯರ್ ಆಗಿದ್ದದ್ದು 1939ರಿಂದ ಒಂದು ಅವಧಿ ಮಾತ್ರ. ಯುದ್ಧಕಾಲದಲ್ಲೂ ಹಟ ಹಿಡಿದು ಪೂಂಡಿ ಜಲಾಶಯದ ಕೆಲಸ ಶುರುಮಾಡಿಸಿದರು. ಇವತ್ತು ಅದು ಸತ್ಯಮೂರ್ತಿ ಸಾಗರ. ಆದರೆ ಅವರು ಮೇಯರ್ ಆಗುವ ಮೊದಲೇ ದೇಶದ ದೊಡ್ಡ ನಾಯಕರಲ್ಲೊಬ್ಬರು. 1924ರಲ್ಲಿ ಕಲ್ಕತ್ತೆಯ ಮೇಯರ್ ಆದ ಚಿತ್ತರಂಜನ ದಾಸರೂ ಹಾಗೆಯೇ. ಕುರ್ಚಿಗೆ ತೂಕ ತಂದವರು ಅವರು. ತೂಕವಿಲ್ಲದವರಿಗೆ ಕುರ್ಚಿಯೇ ತೂಕ ಕೊಡಬೇಕಾದರೆ ಕಾನೂನು ಬೇಕು.

ದೇಶದ ಬೇರೆ ಊರುಗಳು ಬೇರೆ ಬೇರೆ ದಾರಿ ಹಿಡಿದಿವೆ. ಕೋಲ್ಕತ್ತದಲ್ಲಿ 1980ರ ಕಾಯ್ದೆಯಿಂದ ಮೇಯರ್ ಮತ್ತು ಅವರ ಸಂಪುಟವೇ ಕಾರ್ಯಾಂಗ, ಐದು ವರ್ಷ. ಮುಂಬೈಯಲ್ಲಿ ಎರಡೂವರೆ ವರ್ಷ, ಆದರೆ ಕಡತ ಕಮಿಷನರ್ ಬಳಿ. ದೆಹಲಿಯಲ್ಲಿ ನಮ್ಮ ಹಳೆಯ ಪದ್ಧತಿಯಂತೆ ಒಂದು ವರ್ಷ. ಉತ್ತರ ಪ್ರದೇಶ, ಮಧ್ಯಪ್ರದೇಶಗಳಲ್ಲಿ ಜನರೇ ನೇರವಾಗಿ ಆರಿಸುತ್ತಾರೆ. ಚೆನ್ನೈಯಲ್ಲಿ 1996ರಲ್ಲಿ ನೇರ ಚುನಾವಣೆಯಿಂದ ಮೇಯರ್ ಆದ ಎಂ.ಕೆ. ಸ್ಟಾಲಿನ್ ಮುಂದೆ ಮುಖ್ಯಮಂತ್ರಿಯಾದರು. ನಮ್ಮ ಮೇಯರ್‌ಗಳಲ್ಲಿ ಪಿ.ಆರ್. ರಮೇಶ್ ವಿಧಾನ ಪರಿಷತ್ತಿಗೆ, ವಿ.ಎಸ್. ಕೃಷ್ಣ ಅಯ್ಯರ್ ಲೋಕಸಭೆಗೆ ಹೋದರು. ಮುಖ್ಯಮಂತ್ರಿ ಕುರ್ಚಿಯ ತನಕ ಹೋಗುವ ಏಣಿ ಪಾಲಿಕೆಯಲ್ಲಿ ಯಾರೂ ಕಂಡಿಲ್ಲ.

ಇಲ್ಲೂ ಸಲಹೆಗಳಿಗೇನೂ ಬರವಿರಲಿಲ್ಲ. 2008ರಲ್ಲಿ ಕೆ. ಕಸ್ತೂರಿರಂಗನ್ ಸಮಿತಿ, ಆಮೇಲೆ ಬಿ.ಎಸ್. ಪಾಟೀಲ ಸಮಿತಿ, ಎರಡೂ ಬಲವಾದ, ದೀರ್ಘಾವಧಿಯ ಮೇಯರ್ ಬೇಕೆಂದವು. 2020ರಲ್ಲಿ ಬೆಂಗಳೂರಿಗೆಂದೇ ಪ್ರತ್ಯೇಕ ಬಿಬಿಎಂಪಿ ಕಾಯ್ದೆ ಬಂದು ಮೇಯರ್ ಅವಧಿಯನ್ನು 30 ತಿಂಗಳಿಗೆ ಏರಿಸಿತು. ಕಾಯ್ದೆ 2021ರ ಜನವರಿಯಲ್ಲಿ ಜಾರಿಯಾಯಿತು. ಅದರಡಿ ಒಂದೇ ಒಂದು ಚುನಾವಣೆ ನಡೆಯದೆ, ಒಬ್ಬರೇ ಒಬ್ಬ ಮೇಯರ್ ಆಗದೆ, ಆ ಕಾಯ್ದೆಯೇ ತೆರೆಮರೆಗೆ ಸರಿಯಿತು. ಮೂವತ್ತು ತಿಂಗಳ ಸುಖ ಉಂಡವರು ಯಾರೂ ಇಲ್ಲ.

ಈಗಿರುವುದು ಗ್ರೇಟರ್ ಬೆಂಗಳೂರು ಆಡಳಿತ ಕಾಯ್ದೆ. 2025ರ ಮೇ 15ರಿಂದ ಅದು ಜಾರಿಯಲ್ಲಿದೆ. ಸೆಪ್ಟೆಂಬರ್ 2ರಂದು ಬಿಬಿಎಂಪಿ ಹೋಗಿ ಕೇಂದ್ರ, ಉತ್ತರ, ದಕ್ಷಿಣ, ಪೂರ್ವ, ಪಶ್ಚಿಮ ಎಂದು ಐದು ಪಾಲಿಕೆಗಳಾದವು, ವಾರ್ಡುಗಳು ಆಮೇಲೆ 369ಕ್ಕೆ ಏರಿದವು. ಐದೂ ಹುಟ್ಟಿದ್ದು ಆಡಳಿತಾಧಿಕಾರಿಗಳ ಕೈಯಲ್ಲಿ. ಇಲ್ಲೂ ಮೇಯರ್ ಅವಧಿ 30 ತಿಂಗಳು. ಅಂದರೆ ಐದು ವರ್ಷದ ಒಂದು ಅವಧಿಗೆ ಹತ್ತು ಮೇಯರ್, ಹತ್ತು ಉಪಮೇಯರ್. ಹಳೆಯ ಪದ್ಧತಿಯಲ್ಲಿ ಇದ್ದುದು ಐದೈದು. ಅವಧಿ ಹೆಚ್ಚಿತು, ಹಂಚಲು ಸಿಗುವ ಕುರ್ಚಿಗಳೂ ಇಮ್ಮಡಿಯಾದವು. ಐವರು ಮೇಯರ್‌ಗಳಿಗೂ ಮೇಲೆ ಗ್ರೇಟರ್ ಬೆಂಗಳೂರು ಪ್ರಾಧಿಕಾರವಿದೆ. ಅಲ್ಲಿ ಮೇಯರ್‌ಗಳು ಸದಸ್ಯರು. ಬೆಂಗಳೂರು ಅಭಿವೃದ್ಧಿ ಸಚಿವರು ಉಪಾಧ್ಯಕ್ಷರು. ಅಧ್ಯಕ್ಷರು ಮುಖ್ಯಮಂತ್ರಿ, ಅವರ ಹುದ್ದೆಗೆ ಸರದಿಯೂ ಇಲ್ಲ, ಮೀಸಲಾತಿ ಪಟ್ಟಿಯೂ ಇಲ್ಲ, ಮೂವತ್ತು ತಿಂಗಳ ಗಡುವೂ ಇಲ್ಲ.